ಪರದೇಶದಲ್ಲಿ ಸಂಭೂಯಸಮುತ್ಥಾನ: ಸಂಯುಕ್ತ ಅರಬ್ ಎಮಿರೇಟುಗಳ ಅನುಜ್ಞಾಕ್ರಮವೂ ಅದರ ಪಾರಿಭಾಷಿಕ ಶಬ್ದಗಳೂ

ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ವಿಂಗಡಿಸಿ ಅವುಗಳಲ್ಲೊಂದಕ್ಕೆ ‘ಸಂಭೂಯಸಮುತ್ಥಾನ’ವೆಂದು ಹೆಸರಿಟ್ಟಿರುವರು. ಹಲವರು ಒಟ್ಟುಗೂಡಿ, ಧನವನ್ನಾಗಲಿ ಶ್ರಮವನ್ನಾಗಲಿ ಸೇರಿಸಿ, ಒಂದು ಕಾರ್ಯಕ್ಕೆ ತೊಡಗುವುದೆಂದು ಆ ಪದದ ಅರ್ಥವು. ಯಾಜ್ಞವಲ್ಕ್ಯಸ್ಮೃತಿಯು ವರ್ತಕರಿಗೆ ಹೇಳಿದ ವಿಧಿಯನ್ನೇ ಋತ್ವಿಜರಿಗೂ ಕೃಷಿಕರಿಗೂ ಕರ್ಮಕಾರರಿಗೂ ಅನ್ವಯಿಸುವುದರಿಂದ, ಸರಕನ್ನು ಮಾರುವ ಕೂಟವಷ್ಟೇ ಅಲ್ಲದೆ ವಿದ್ಯೆಯನ್ನೂ ಕೌಶಲವನ್ನೂ ಮಾರುವ ಕೂಟವೂ, ಎಂದರೆ ಈಗಿನವರು ಸೇವಾಸಂಸ್ಥೆಯೆಂದು ಕರೆಯುವುದೂ, ಆ ಪ್ರಕರಣದೊಳಗೇ ಅಡಕವಾಗಿದೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಆದುದರಿಂದ ಈ ವಿಚಾರವು ಕನ್ನಡನಾಡಿಗೆ ಹೊಸತಲ್ಲ.

ಆದರೆ ಕೂಟಗಟ್ಟುವವರು ಪರದೇಶೀಯರಾಗಿ, ನೆಲವು ಬೇರೊಬ್ಬರದಾಗಿದ್ದರೆ ಯಾವ ವಿಧಿಯು ಪ್ರವರ್ತಿಸತಕ್ಕದ್ದು? ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಅಸಂಖ್ಯ ಜನರು ಕೊಲ್ಲಿಯ ದೇಶಗಳಿಗೆ ಹೋಗಿ ನೆಲೆಸಿರುವುದು ಸರ್ವವಿದಿತವು. ಮೊದಲು ಸಂಬಳಕ್ಕೆ ಹೋದವರಲ್ಲಿ ಹಲವರು ಮುಂದೆ ಲೆಕ್ಕಪರಿಶೋಧನೆ, ಯಂತ್ರಗಳ ದುರಸ್ತಿ, ಕಟ್ಟಡಗಳ ಶುಚೀಕರಣ, ವಿದ್ಯಾಬೋಧನೆ ಮೊದಲಾದ ಸೇವೆಗಳಿಗಾಗಿ ಸ್ವಂತ ಸಂಸ್ಥೆಗಳನ್ನು ತೆರೆಯಲೆಳಸುವರು. ಆಗ ಅವರು ರುಜು ಹಾಕಬೇಕಾದ ಕಾಗದಗಳು ಅರಬ್ಬೀ ಭಾಷೆಯಲ್ಲಿರುವುವು. ಆ ಕಾಗದಗಳ ಮುಖ್ಯ ಶಬ್ದಗಳನ್ನು ವಿವೇಚಿಸಿ, ಅವುಗಳ ಮೂಲಕವೇ ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ಪರದೇಶೀಯನು ಸೇವಾಸಂಸ್ಥೆಯನ್ನು ಸ್ಥಾಪಿಸುವ ಕ್ರಮವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವು. ಶಬ್ದವಿಚಾರದಲ್ಲಿ ಪರಿಶ್ರಮವುಳ್ಳ ವಾಚಕರಿಗೆ ಇದು ಅಪ್ರಸ್ತುತವೆನಿಸಲಾರದೆಂದು ನಂಬಿದ್ದೇನೆ.

೧. ರುಖ್ಸಾ

ಅನುಜ್ಞಾಪತ್ರಕ್ಕೆ ಅಲ್ಲಿಯ ಹೆಸರು ‘ರುಖ್ಸಾ’. ಈ ಶಬ್ದದ ಧಾತುವಿಗೆ ಸುಲಭವಾಗು, ಸಡಿಲವಾಗು ಎಂಬ ಅರ್ಥಗಳುಂಟು. ಅಗ್ಗದ ಸರಕನ್ನು ಹೇಳುವ ‘ರಖೀಸ್’ ಎಂಬುದೂ ಅದೇ ಧಾತುವಿನಿಂದ ಬಂದುದು. ಇಸ್ಲಾಮೀ ಶಾಸ್ತ್ರಕಾರರಲ್ಲಿ ಸಾಮಾನ್ಯವಿಧಿಗೆ ‘ಅಜೀಮಾ’ ಎಂದೂ, ಕಾರಣವಿಶೇಷದಿಂದ ಅದಕ್ಕೆ ದೊರೆಯುವ ಸಡಿಲಿಕೆಗೆ ‘ರುಖ್ಸಾ’ ಎಂದೂ ವ್ಯವಹಾರವಿದೆ. ಪ್ರಯಾಣಿಕನಿಗೂ ರೋಗಿಗೂ ಉಪವಾಸದಲ್ಲಿ ಕೊಡುವ ವಿನಾಯಿತಿಯು ಇದಕ್ಕೆ ಪ್ರಸಿದ್ಧವಾದ ಉದಾಹರಣೆಯು. ಹಾಗಾದರೆ ವ್ಯಾಪಾರದ ರುಖ್ಸಾ ಎಂಬುದೂ ಹುಟ್ಟಿನಿಂದ ಬಂದ ಅಧಿಕಾರವಲ್ಲ, ನಿಷೇಧಕ್ಕೆ ಪ್ರತಿಯಾಗಿ ದೊರೆತ ಸಡಿಲಿಕೆ. ನಮ್ಮ ಮೀಮಾಂಸಕರು ‘ಪ್ರತಿಪ್ರಸವ’ವೆನ್ನುವುದು ಇದಕ್ಕೆ ಬಹಳ ಸಮೀಪವಾದುದು.

ಇದರಿಂದ ಎರಡು ಸಂಗತಿಗಳು ಫಲಿಸುವುವು. ಒಂದು, ಸಡಿಲಿಕೆಗೆ ಅವಧಿಯುಂಟು. ಅನುಜ್ಞಾಪತ್ರವನ್ನು ಅವಧಿ ಮುಗಿದಂತೆಲ್ಲ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಎರಡು, ಪತ್ರದಲ್ಲಿ ಹೆಸರಿಸಿದ ಕಾರ್ಯವನ್ನು ಮಾತ್ರ ಮಾಡತಕ್ಕದ್ದು. ಇದು ಪರಿಸಂಖ್ಯಾವಿಧಿಯಂತೆ: ಹೇಳಿದುದನ್ನು ಮಾಡೆಂಬುದಕ್ಕಿಂತ, ಹೇಳದುದನ್ನು ಮಾಡಬೇಡವೆಂಬುದರಲ್ಲಿಯೇ ಅದರ ತಾತ್ಪರ್ಯವು. ಗಣಕಯಂತ್ರಗಳ ದುರಸ್ತಿಗೆಂದು ಅನುಜ್ಞೆ ಪಡೆದವನು ಅದೇ ಅಂಗಡಿಯಲ್ಲಿ ಗಣಕಶಿಕ್ಷಣವನ್ನು ಕೊಡತೊಡಗಿದರೆ ದಂಡಕ್ಕೆ ಗುರಿಯಾಗುವನು.

ದುಬೈಯಲ್ಲಿ ಅನುಜ್ಞೆಗಳ ಮುಖ್ಯ ಪ್ರಭೇದಗಳು ‘ತಿಜಾರೀ’ (ವಾಣಿಜ್ಯದ್ದು), ‘ಸಿನಾಈ’ (ಕೈಗಾರಿಕೆಯದು), ‘ಮಿಹನೀ’ (ವೃತ್ತಿಯದು) ಎಂದು ಮೂರು. ಬುದ್ಧಿಯನ್ನಾಗಲಿ ಕೈಕೌಶಲವನ್ನಾಗಲಿ ಬಂಡವಾಳವಾಗುಳ್ಳ ಸೇವೆಗಳು ಪ್ರಾಯಶಃ ಮೂರನೆಯದರಲ್ಲಿ ಸೇರುವುವು.

೨. ಕಫಾಲಾ

ಕೊಲ್ಲಿಗೆ ಹೋಗಿಬಂದವರ ಬಾಯಲ್ಲಿ ಬಹಳವಾಗಿ ಕೇಳಿಬರುವ ಶಬ್ದವು ‘ಕಫೀಲ’. ಇದರ ಭಾವವಾಚಕವು ‘ಕಫಾಲಾ’, ಜಾಮೀನು ಎಂದರ್ಥ. ನಮ್ಮ ‘ಜಾಮೀನು’ ಎಂಬುದೂ ಅದೇ ಭಾಷೆಯ ‘ಜಾಮಿನ್’ ಎಂಬುದರಿಂದ ಬಂದುದಷ್ಟೆ. ಇಸ್ಲಾಮೀ ವ್ಯವಹಾರಶಾಸ್ತ್ರದಲ್ಲಿ ಕಫಾಲಾ ಎರಡು ಬಗೆ: ಮನುಷ್ಯನನ್ನು ತಂದು ಹಾಜರುಪಡಿಸುವೆನೆಂಬುದು ಒಂದು, ಅವನ ಸಾಲವನ್ನು ತಾನು ತೀರಿಸುವೆನೆಂಬುದು ಇನ್ನೊಂದು. ಯಾಜ್ಞವಲ್ಕ್ಯನು ‘ಪ್ರತಿಭೂ’ವನ್ನು ಮೂರು ವಿಧವಾಗಿ ವಿಭಾಗಿಸಿರುವನು: ದರ್ಶನಕ್ಕೆ, ಪ್ರತ್ಯಯಕ್ಕೆ, ದಾನಕ್ಕೆ ಎಂದು. ಮೊದಲನೆಯದೂ ಕೊನೆಯದೂ ಅರಬ್ಬೀ ವಿಭಾಗದೊಡನೆ ಸರಿಯಾಗಿ ಹೊಂದುವುವು. ಇವನು ನಂಬಲರ್ಹನೆಂದು ಮಾತು ಕೊಡುವ ನಡುವಿನ ಪ್ರಭೇದವು ಮಾತ್ರ ನಮ್ಮಲ್ಲಿ ಅಧಿಕವಾಗಿದೆ. ಎರಡು ನಾಡುಗಳ ವಣಿಜರು ಒಂದೇ ಸಮುದ್ರದ ಮೇಲೆ ತಿರುಗಾಡಿದವರಾದುದರಿಂದ, ಅಪರಿಚಿತನನ್ನು ನಂಬುವ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರಗಳು ಹೀಗೆ ಸಮೀಪವಾಗಿರುವುದು ಆಶ್ಚರ್ಯವಲ್ಲ. ಕ್ರಿ. ಶ. ೮೪೯ರ ಕೊಲ್ಲಂ ನಗರದ ತರಿಸಾಪಳ್ಳಿ ತಾಮ್ರಶಾಸನದಲ್ಲಿ ಪರದೇಶದ ಸಾಕ್ಷಿಗಳು ಅರಬ್ಬೀ, ಪಹ್ಲವೀ, ಹೀಬ್ರೂ ಲಿಪಿಗಳಲ್ಲಿ ತಮ್ಮ ಅಂಕಿತಗಳನ್ನು ಹಾಕಿರುವುದನ್ನು ಇಲ್ಲಿ ನೆನೆಯಬಹುದು. ಆಗ ಅನುಜ್ಞೆಯನ್ನು ಕೊಟ್ಟವರು ನಾವು, ಪಡೆದವರು ಅವರು.

ಆಧುನಿಕ ಕಾಲದಲ್ಲಿ ಈ ಪ್ರಾಚೀನ ಶಬ್ದವು ಬೇರೊಂದು ಭಾರವನ್ನು ಹೊತ್ತಿತು. ೧೯೭೧ನೆಯ ಡಿಸೆಂಬರ್ ೨ರಂದು ಎಮಿರೇಟುಗಳು ಒಂದು ರಾಜ್ಯವಾಗಿ ಕೂಡಿದುವು. ರಾಸ್ ಅಲ್ ಖೈಮಾ ಮರುವರ್ಷ ಸೇರಲು ಅವುಗಳ ಸಂಖ್ಯೆ ಏಳಾಯಿತು. ಅದಕ್ಕೆ ಮೊದಲು ಅಲ್ಲಿದ್ದ ಭಾರತೀಯ ವರ್ತಕರು ಬ್ರಿಟಿಷರ ನ್ಯಾಯಾಧಿಕಾರಕ್ಕೆ ಒಳಪಟ್ಟಿದ್ದರು. ೧೯೬೬ರವರೆಗೆ ಅಲ್ಲಿ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ. ಸ್ವತಂತ್ರವಾದ ರಾಜ್ಯವು ತೈಲಧನದಿಂದ ಬೆಳೆಯುತ್ತ ಹೋದಂತೆ ಹೊರಗಿನ ಜನರು ತುಂಬಿ, ಸ್ವದೇಶೀಯರು ಸುಮಾರು ಹತ್ತರಲ್ಲೊಂದು ಪಾಲಾಗಿ ಉಳಿದರು. ಪರದೇಶೀಯನು ಏನನ್ನೇ ಮಾಡಲಿ, ಅವನ ಬೆನ್ನಿಗೆ ಸ್ವದೇಶೀಯನೊಬ್ಬನಿರಬೇಕೆಂಬ ನಿಯಮವು ಹೀಗೆ ಬೇರೂರಿತು.

೩. ನೂರರಲ್ಲಿ ಐವತ್ತೊಂದು

೧೯೮೪ರ ೮ನೆಯ ಸಂಯುಕ್ತ ಶಾಸನವು ವಾಣಿಜ್ಯಕೂಟಗಳ ಬಂಡವಾಳದಲ್ಲಿ ಶೇಕಡಾ ೫೧ಕ್ಕೆ ಕಡಮೆಯಿಲ್ಲದ ಭಾಗವು ಸ್ವದೇಶೀಯರದಾಗಿರಬೇಕೆಂದು ವಿಧಿಸಿತು. ಬರಿಯ ವೃತ್ತಿಗಳಲ್ಲಿ ಮಾತ್ರ ಪರದೇಶೀಯನೇ ಪೂರ್ಣಸ್ವಾಮಿಯಾಗಬಹುದಾಗಿದ್ದಿತು. ಆದರೆ ಅವನೂ ‘ವಕೀಲ್ ಖಿದ್ಮಾ’ ಎಂಬ ಸ್ಥಳೀಯ ಪ್ರತಿನಿಧಿಯನ್ನು ವಾರ್ಷಿಕ ಸಂಭಾವನೆಗೆ ಗೊತ್ತುಮಾಡಿಕೊಳ್ಳಬೇಕಾಗಿದ್ದಿತು. ಇಲ್ಲಿ ‘ವಕೀಲ್’ ಎಂದರೆ ನ್ಯಾಯವಾದಿಯಲ್ಲ. ನಮ್ಮಲ್ಲಿ ಆ ಶಬ್ದಕ್ಕೆ ಅರ್ಥಸಂಕೋಚವಾಗಿದೆ. ಮೂಲದಲ್ಲಿ ಮತ್ತೊಬ್ಬನ ಪರವಾಗಿ ಕೆಲಸ ನಡೆಸುವವನೆಲ್ಲ ವಕೀಲನೇ. ಈ ಪ್ರತಿನಿಧಿಗೆ ಸಂಸ್ಥೆಯಲ್ಲಿ ಪಾಲಿಲ್ಲ, ಅದರ ಸಾಲಗಳಿಗೆ ಹೊಣೆಯೂ ಇಲ್ಲ.

ಉಳಿದವರು ಏನು ಮಾಡಿದರು? ಪತ್ರದಲ್ಲಿ ಐವತ್ತೊಂದು ಪಾಲನ್ನು ಸ್ವದೇಶೀಯನೊಬ್ಬನ ಹೆಸರಿಗೆ ಬರೆದು, ಹಣವನ್ನೆಲ್ಲ ತಾವೇ ಹಾಕಿ, ಅವನಿಗೆ ವರ್ಷಕ್ಕಿಷ್ಟೆಂದು ಕೊಟ್ಟು, ನಿಜವಾದ ಒಡೆತನವು ತಮ್ಮದೆಂದು ಮರೆಯಲ್ಲಿ ಮತ್ತೊಂದು ಪತ್ರವನ್ನು ಬರೆಯಿಸಿಕೊಳ್ಳುವ ರೂಢಿಯು ಹಬ್ಬಿತು. ನಮ್ಮಲ್ಲಿ ಇದಕ್ಕೆ ‘ಬೇನಾಮಿ’ ಎಂದು ಹೆಸರು. ಅರಬ್ಬೀಯಲ್ಲಿ ‘ತಸತ್ತುರ್’, ಮುಚ್ಚಿಕೊಳ್ಳುವುದೆಂದರ್ಥ. ಮನುಸ್ಮೃತಿಯು ಕಪಟದಿಂದ ಮಾಡಿದ ಆಧಿ, ವಿಕ್ರಯ, ದಾನಗಳನ್ನು ರಾಜನು ನಿವರ್ತಿಸತಕ್ಕದ್ದೆಂದು ಹೇಳಿರುವುದಷ್ಟೆ. ಎಮಿರೇಟುಗಳು ೨೦೦೪ರಲ್ಲಿ ವಾಣಿಜ್ಯದ ತಸತ್ತುರನ್ನು ತಡೆಯಲು ಪ್ರತ್ಯೇಕವಾಗಿ ೧೭ನೆಯ ಶಾಸನವನ್ನು ಮಾಡಿದುವು.

ಇದರ ಅನರ್ಥವೆಲ್ಲಿರುವುದೆಂಬುದನ್ನು ಚೆನ್ನಾಗಿ ಗಮನಿಸಬೇಕು. ಇಬ್ಬರಲ್ಲಿ ಸ್ನೇಹವಿರುವತನಕ ಮರೆಯ ಪತ್ರದ ಆವಶ್ಯಕತೆಯೇ ಇಲ್ಲ. ಸ್ನೇಹವು ಕೆಟ್ಟಾಗ, ಅಥವಾ ಆ ಸ್ವದೇಶೀಯನು ಕಾಲವಾಗಿ ಅವನ ದಾಯಾದರು ಪಾಲು ಕೇಳಲು ಬಂದಾಗ, ಅದು ಬೇಕಾಗುತ್ತದೆ. ಆದರೆ ಶಾಸನವನ್ನು ತಪ್ಪಿಸುವುದಕ್ಕಾಗಿಯೇ ಹುಟ್ಟಿದ ಪತ್ರಕ್ಕೆ ಆ ಶಾಸನವನ್ನೇ ಕಾಯುವ ನ್ಯಾಯಸ್ಥಾನದಲ್ಲಿ ಬಲವು ದೊರೆಯುವ ಭರವಸೆಯೆಲ್ಲಿ? ಮೂವತ್ತು ವರ್ಷ ದುಡಿದು ಕಟ್ಟಿದ ಸಂಸ್ಥೆಯು, ಕಾಗದವನ್ನು ನೋಡಿದರೆ, ಅರ್ಧಕ್ಕಿಂತ ಹೆಚ್ಚಾಗಿ ಬೇರೊಬ್ಬರದು. ಬೇಕಾದಾಗ ಒದಗದ ರಕ್ಷೆಯನ್ನು ರಕ್ಷೆಯೆನ್ನಲಾಗದು.

೪. ನಿಯಮದ ಪರಿವರ್ತನೆ

೨೦೧೫ರಲ್ಲಿ ಹೊಸ ಕೂಟಶಾಸನವು ಬಂದರೂ ಐವತ್ತೊಂದರ ನಿಯಮವು ಉಳಿಯಿತು. ೨೦೧೮ರ ೧೯ನೆಯ ಶಾಸನವು ಕೆಲವು ಕಾರ್ಯಗಳಲ್ಲಿ ಪರದೇಶೀಯರಿಗೆ ಪೂರ್ಣಸ್ವಾಮ್ಯವನ್ನು ಕೊಡಬಹುದೆಂದಿತು. ಹಾಗೆ ಕೊಡಬಹುದಾದ ೧೨೨ ಕಾರ್ಯಗಳ ಪಟ್ಟಿಯು ಮುಂದೆ ಹೊರಟಿತು. ಆಗ ನಿಷೇಧವೇ ಉತ್ಸರ್ಗ, ಅನುಮತಿಯು ಅಪವಾದ. ೨೦೨೦ರ ೨೬ನೆಯ ಶಾಸನವು ಈ ಸಂಬಂಧವನ್ನೇ ತಿರುಗಿಸಿತು. ೨೦೨೧ನೆಯ ಜೂನ್ ೧ರಿಂದ ಪೂರ್ಣಸ್ವಾಮ್ಯವೇ ಉತ್ಸರ್ಗವಾಗಿ, ನಿಷೇಧವು ಅಪವಾದವಾಯಿತು. ಪರದೇಶದ ಸಂಸ್ಥೆಗಳ ಶಾಖೆಗಳಿಗೆ ಸ್ವದೇಶೀಯ ಪ್ರತಿನಿಧಿಯು ಬೇಕೆಂಬ ನಿರ್ಬಂಧವೂ ತೊಲಗಿತು. ಈಗ ಜಾರಿಯಲ್ಲಿರುವ ೨೦೨೧ರ ೩೨ನೆಯ ಶಾಸನವು ೨೦೨೨ನೆಯ ಜನವರಿ ೨ರಿಂದ ಪ್ರವರ್ತಿಸಿ ಇದನ್ನೇ ಸ್ಥಿರಪಡಿಸಿದೆ.

ಅಪವಾದಗಳನ್ನು ೨೦೨೧ರ ೫೫ನೆಯ ಮಂತ್ರಿಮಂಡಲ ನಿರ್ಣಯವು ಎಣಿಸಿದೆ: ರಕ್ಷಣೆ ಮತ್ತು ಸೈನಿಕ ಸಂಬಂಧವಾದ ಕಾರ್ಯಗಳು, ಬ್ಯಾಂಕು, ಹಣವಿನಿಮಯ, ವಿಮೆ, ನಾಣ್ಯಮುದ್ರಣ, ದೂರಸಂಪರ್ಕ, ಹಜ್ ಮತ್ತು ಉಮ್ರಾ ಯಾತ್ರೆಗಳ ಸೇವೆ, ಕುರಾನ್ ಕಂಠಪಾಠದ ಕೇಂದ್ರಗಳು, ಮೀನುಗಾರಿಕೆಯ ಸೇವೆ ಎಂಬಿವು ಮುಖ್ಯವಾದುವು. ಉಳಿದ ಕಾರ್ಯಗಳಲ್ಲಿ ಯಾವುದಕ್ಕೆ ಪೂರ್ಣಸ್ವಾಮ್ಯವೆಂಬುದನ್ನು ಆಯಾ ಎಮಿರೇಟಿನ ಆರ್ಥಿಕ ಇಲಾಖೆಯು ತನ್ನ ಪಟ್ಟಿಯಲ್ಲಿ ಪ್ರಕಟಿಸುವುದು.

ಇಲ್ಲಿ ಹಲವರಿಗೆ ಒಂದು ಭ್ರಾಂತಿಯುಂಟು. ಶಾಸನವು ಬದಲಾದುದರಿಂದ ಹಳೆಯ ಕೂಟಗಳಲ್ಲಿನ ಐವತ್ತೊಂದು ಪಾಲೂ ತಾನಾಗಿ ತಮಗೆ ಬಂದಿತೆಂದು ಅವರೆಣಿಸುವರು. ಹಾಗಲ್ಲ. ಶಾಸನವು ತಡೆಯನ್ನು ತೆಗೆದಿದೆ, ಪಾಲನ್ನು ವರ್ಗಾಯಿಸಿಲ್ಲ. ಹಳೆಯ ಪಾಲುದಾರನು ಒಪ್ಪಿ, ಕೂಟದ ಮೂಲಪತ್ರವನ್ನು ತಿದ್ದಿ, ಪ್ರಮಾಣಾಧಿಕಾರಿಯ ಮುಂದೆ ರುಜು ಹಾಕಿ, ದಾಖಲೆಯಲ್ಲಿ ನಮೂದಿಸುವತನಕ ಮೊದಲಿನ ಸ್ವಾಮ್ಯವೇ ಸ್ವಾಮ್ಯ.

೫. ಶರಿಕಾ

ಕೂಟಕ್ಕೆ ಅರಬ್ಬೀಯಲ್ಲಿ ‘ಶರಿಕಾ’ ಎನ್ನುವರು. ಹಂಚಿಕೊಳ್ಳುವುದು, ಪಾಲುಗೊಳ್ಳುವುದು ಎಂದು ಧಾತ್ವರ್ಥ. ಉರ್ದುವಿನ ‘ಶರೀಕ್’ ಇದರ ಬಂಧುವೇ. ‘ಸಂಭೂಯ’ ಎಂಬಲ್ಲಿನ ‘ಸಂ’ ಎಂಬ ಉಪಸರ್ಗದಂತೆ ಈ ಧಾತುವೂ ಒಬ್ಬನಿಗಿಂತ ಹೆಚ್ಚು ಜನರನ್ನು ಅಪೇಕ್ಷಿಸುವುದು. ಹೀಗಿರಲು ಈಗಿನ ಶಾಸನವು ‘ಏಕವ್ಯಕ್ತಿಯ ಶರಿಕಾ’ ಎಂಬುದನ್ನು ಅಂಗೀಕರಿಸಿದೆ. ಒಬ್ಬನೇ ಯಾರೊಡನೆ ಕೂಡುವುದು? ವಂಧ್ಯಾಪುತ್ರನೆಂಬಂತೆ ಇದು ವ್ಯಾಹತವಾದ ಮಾತೆಂದು ಪೂರ್ವಪಕ್ಷವು ಏಳಬಹುದು.

ಸಮಾಧಾನವು ಹೀಗೆ. ಶಾಸನವು ಕೂಟವನ್ನೇ ಒಂದು ವ್ಯಕ್ತಿಯೆಂದು ಭಾವಿಸುವುದು. ಅದಕ್ಕೆ ‘ಶಖ್ಸ್ ಇತಿಬಾರೀ’ ಎಂದು ಸಂಜ್ಞೆ. ‘ಪರಿಗಣನೆಯಿಂದಾದ ವ್ಯಕ್ತಿ’ ಎಂದು ಅಕ್ಷರಾರ್ಥ. ನಮ್ಮ ನ್ಯಾಯಸ್ಥಾನಗಳು ದೇವಾಲಯದ ದೇವತೆಯನ್ನು ಆಸ್ತಿಯುಳ್ಳ ವ್ಯಕ್ತಿಯೆಂದು ಅಂಗೀಕರಿಸಿರುವುದು ಇಂತಹದೇ ಆರೋಪದಿಂದ. ಆದುದರಿಂದ ಏಕವ್ಯಕ್ತಿಯ ಶರಿಕಾದಲ್ಲಿಯೂ ಇಬ್ಬರಿರುವರು: ಒಡೆಯನೊಬ್ಬ, ಅವನಿಂದ ಭಿನ್ನವಾದ ಸಂಸ್ಥೆಯೊಂದು. ಇದು ಬರಿಯ ವಾಕ್ಚಾತುರ್ಯವಲ್ಲ; ಮನೆಮಠಗಳು ಉಳಿಯುವುದೂ ಹೋಗುವುದೂ ಇದರ ಮೇಲೆ ನಿಂತಿದೆ. ಪರಿಮಿತವಾದ ಹೊಣೆಯ ಕೂಟದ ಹೆಸರಿನ ಕೊನೆಗೆ ‘ಮಸ್ಊಲಿಯ್ಯಾ ಮಹ್ದೂದಾ’ ಎಂಬ ವಿಶೇಷಣವು ಸೇರುವುದು. ಮೊದಲನೆಯ ಶಬ್ದವು ‘ಕೇಳು’ ಎಂಬ ಧಾತುವಿನದು, ನಮ್ಮ ‘ಸವಾಲು’ ಹುಟ್ಟಿದುದೂ ಅದರಿಂದಲೇ. ಕೇಳಿದರೆ ಉತ್ತರ ಹೇಳಬೇಕಾದ ಸ್ಥಿತಿಯೇ ಹೊಣೆ. ಎರಡನೆಯದು ‘ಹದ್ದ್’ ಎಂಬುದರಿಂದ ಬಂದುದು. ‘ಸರಹದ್ದು’, ‘ಹದ್ದುಬಸ್ತು’ ಎಂಬಲ್ಲಿ ನಾವು ನಿತ್ಯವೂ ಅದನ್ನು ಬಳಸುವೆವು. ಹದ್ದಿನೊಳಗಣ ಹೊಣೆಯೆಂದು ಸಮುದಾಯಾರ್ಥ: ಸಂಸ್ಥೆಯು ಮುಳುಗಿದರೆ ಹಾಕಿದ ಬಂಡವಾಳದಷ್ಟೇ ನಷ್ಟ. ಈ ವಿಶೇಷಣವಿಲ್ಲದೆ ಒಬ್ಬನೇ ತನ್ನ ಹೆಸರಿನಲ್ಲಿ ತೆರೆಯುವ ‘ಮುಅಸ್ಸಸಾ’ದಲ್ಲಿ ಒಡೆಯನೂ ಸಂಸ್ಥೆಯೂ ಅಭಿನ್ನರು, ಸಾಲಗಾರರು ಅವನ ಸ್ವಂತ ಸೊತ್ತಿನವರೆಗೂ ಬರಬಹುದು. ಎರಡು ಶಬ್ದಗಳ ಭೇದವನ್ನು ತಿಳಿಯದೆ, ಖರ್ಚು ಸ್ವಲ್ಪ ಕಡಮೆಯೆಂದು ಎರಡನೆಯದನ್ನು ಆರಿಸುವುದು ವಿಹಿತವಲ್ಲ.

೬. ನೆಲದ ಪ್ರಭೇದ

ಸಂಸ್ಥೆಯ ರೂಪದಂತೆ ಅದು ನಿಲ್ಲುವ ನೆಲವೂ ಮುಖ್ಯವು. ಮುಖ್ಯಭೂಭಾಗದಲ್ಲಿ ಮೇಲೆ ಹೇಳಿದ ಶಾಸನವೇ ನಡೆಯುವುದು. ‘ಮಿಂತಖಾ ಹುರ್ರಾ’ ಅಥವಾ ಮುಕ್ತವಲಯವೆಂಬುದು ಎರಡನೆಯದು. ೧೯೮೫ರಲ್ಲಿ ದುಬೈಯ ಜೆಬೆಲ್ ಅಲಿ ಬಂದರಿನ ಬಳಿ ಸ್ಥಾಪಿತವಾದ ವಲಯವು ಇವುಗಳಿಗೆ ಮೇಲ್ಪಂಕ್ತಿಯಾಯಿತು. ಇಂದು ದೇಶದಲ್ಲಿ ನಲವತ್ತಕ್ಕೂ ಮಿಕ್ಕು ಇವೆ. ಇಲ್ಲಿ ಪರದೇಶೀಯನಿಗೆ ಮೊದಲಿನಿಂದಲೂ ಪೂರ್ಣಸ್ವಾಮ್ಯವಿದ್ದಿತು, ಆದರೆ ವಲಯದ ಹೊರಗೆ ನೇರವಾಗಿ ವ್ಯವಹರಿಸುವ ಅಧಿಕಾರವಿರಲಿಲ್ಲ. ೨೦೨೫ರಲ್ಲಿ ದುಬೈಯು ಪ್ರತ್ಯೇಕವಾದ ಅನುಮತಿಯ ಮೇಲೆ ಅದಕ್ಕೂ ದಾರಿ ಮಾಡಿಕೊಟ್ಟಿತು. ಮೂರನೆಯದು ೨೦೦೪ರಲ್ಲಿ ದುಬೈಯಲ್ಲಿಯೂ ೨೦೧೫ರಲ್ಲಿ ಅಬುಧಾಬಿಯಲ್ಲಿಯೂ ಕೆಲಸಕ್ಕೆ ತೊಡಗಿದ ಆರ್ಥಿಕ ವಲಯಗಳು. ಅಲ್ಲಿ ಆಂಗ್ಲಪದ್ಧತಿಯ ವ್ಯವಹಾರಶಾಸನವೂ ಆಂಗ್ಲಭಾಷೆಯ ನ್ಯಾಯಸ್ಥಾನವೂ ಉಂಟು. ಮುಖ್ಯಭೂಭಾಗದ ನ್ಯಾಯಸ್ಥಾನಗಳ ಭಾಷೆಯು ಅರಬ್ಬೀ.

ಕೊಳ್ಳುವವರು ಊರೊಳಗಣ ಸಾಮಾನ್ಯಜನರಾದರೆ ಮುಖ್ಯಭೂಭಾಗವೂ, ಹೊರದೇಶದವರಾದರೆ ಮುಕ್ತವಲಯವೂ ಅನುಕೂಲವೆಂದು ಸ್ಥೂಲವಾಗಿ ಹೇಳಬಹುದು.

೭. ಕ್ರಮ

ದುಬೈಯ ಮುಖ್ಯಭೂಭಾಗವನ್ನು ಉದಾಹರಣೆಯಾಗಿಟ್ಟುಕೊಂಡರೆ ಅನುಷ್ಠಾನಕ್ರಮವು ಹೀಗಿರುವುದು.

ಮೊದಲು ಇಲಾಖೆಯ ಪಟ್ಟಿಯಿಂದ ಕಾರ್ಯವನ್ನು ಆರಿಸತಕ್ಕದ್ದು; ಅನುಜ್ಞೆಯ ಪ್ರಭೇದ, ರೂಪ, ಶುಲ್ಕ ಎಲ್ಲವೂ ಇದರಿಂದಲೇ ನಿರ್ಣಯವಾಗುವುವು. ಎರಡನೆಯದಾಗಿ ‘ಇಸ್ಮ್ ತಿಜಾರೀ’ ಎಂಬ ವ್ಯವಹಾರನಾಮವನ್ನು ಕಾದಿರಿಸಬೇಕು. ದೇವನಾಮಗಳೂ ಧಾರ್ಮಿಕ ಅಥವಾ ರಾಜಕೀಯ ಪಂಗಡಗಳ ಹೆಸರುಗಳೂ ಸಲ್ಲವು. ಮನುಷ್ಯನ ಹೆಸರನ್ನಿಟ್ಟರೆ ಆದ್ಯಕ್ಷರಗಳಿಂದ ಸಂಕ್ಷೇಪಿಸದೆ ಪೂರ್ಣವಾಗಿ ಬರೆಯಬೇಕು. ಮೂರನೆಯದು ‘ಮುವಾಫಖಾ’, ಎಂದರೆ ಪ್ರಾಥಮಿಕ ಸಮ್ಮತಿ. ಸಿದ್ಧತೆಗೆ ಇದು ಒಪ್ಪಿಗೆಯೇ ಹೊರತು ವ್ಯವಹಾರಕ್ಕೆ ಅಲ್ಲ. ನಾಲ್ಕನೆಯದು ‘ಅಖ್ದ್ ತಅಸೀಸ್’ ಎಂಬ ಮೂಲಪತ್ರ. ‘ಅಖ್ದ್’ ಎಂದರೆ ಗಂಟು, ಬಂಧ. ‘ತಅಸೀಸ್’ ಎಂದರೆ ಅಸ್ತಿಭಾರವಿಡುವುದು. ಒಡೆಯನು ಪರದೇಶದ ಸಂಸ್ಥೆಯಾಗಿದ್ದರೆ ಅದರ ನಿರ್ಣಯಪತ್ರಗಳು ಸ್ವದೇಶದಲ್ಲಿ ಪ್ರಮಾಣೀಕೃತವಾಗಿ, ಎಮಿರೇಟುಗಳ ರಾಯಭಾರದಿಂದ ದೃಢವಾಗಿ, ಅರಬ್ಬೀಗೆ ಅಧಿಕೃತವಾಗಿ ಭಾಷಾಂತರಗೊಂಡು ಬರಬೇಕು. ಐದನೆಯದು ಸ್ಥಳ. ಬಾಡಿಗೆಯ ಕರಾರನ್ನು ‘ಈಜಾರೀ’ ಎಂಬ ದಾಖಲೆಯಲ್ಲಿ ನೋಂದಾಯಿಸಬೇಕು. ನಮ್ಮ ಹಳೆಯ ಕಂದಾಯದ ಕಾಗದಗಳಲ್ಲಿ ಬರುವ ‘ಇಜಾರೆ’ಯೇ ಇದು. ಆರನೆಯದಾಗಿ, ಚಿಕಿತ್ಸಾಲಯಕ್ಕೆ ಆರೋಗ್ಯಾಧಿಕಾರಿಗಳ, ಪಾಠಶಾಲೆಗೆ ವಿದ್ಯಾಧಿಕಾರಿಗಳ ಸಮ್ಮತಿಯಂತೆ, ವಿಶೇಷ ಕಾರ್ಯಗಳಿಗೆ ವಿಶೇಷ ಸಮ್ಮತಿಗಳು ಬೇಕಾಗುವುವು. ಇದಾದಮೇಲೆ ‘ರುಸೂಮ್’ ತೆತ್ತು ಅನುಜ್ಞಾಪತ್ರವನ್ನು ಪಡೆಯಬಹುದು. ‘ಹಕ್ಕುರುಸುಮು’ ಎಂಬಲ್ಲಿ ನಮಗೂ ಆ ಶಬ್ದವು ಪರಿಚಿತವೇ.

ಬಂಡವಾಳವು ಇಷ್ಟಿರಲೇಬೇಕೆಂಬ ಕನಿಷ್ಠಮಿತಿಯು ಪರಿಮಿತ ಹೊಣೆಯ ಕೂಟಗಳಿಗೆ ೨೦೦೯ರಲ್ಲಿಯೇ ತೊಲಗಿತು. ಉದ್ದೇಶಕ್ಕೆ ಸಾಕಷ್ಟಿದ್ದರೆ ಆಯಿತು. ಆದರೆ ನೂರಕ್ಕೆ ೨೫ ಅಥವಾ ಹೆಚ್ಚಿನ ಪಾಲುಳ್ಳ ನಿಜವಾದ ಫಲಭೋಕ್ತೃವು ಯಾರೆಂಬುದನ್ನು ಪ್ರಕಟಪಡಿಸಬೇಕು. ತಸತ್ತುರಿನ ಮರೆಯನ್ನು ಸರಿಸುವ ಇನ್ನೊಂದು ಉಪಾಯವಿದು. ಕರದ ವಿಷಯದಲ್ಲಿ, ೨೦೧೮ನೆಯ ಜನವರಿ ೧ರಿಂದ ಶೇಕಡಾ ೫ರ ಮೌಲ್ಯವರ್ಧಿತ ಕರವೂ, ೨೦೨೩ನೆಯ ಜೂನ್ ೧ರಿಂದ ಮೊದಲಾದ ಲೆಕ್ಕವರ್ಷಗಳಿಗೆ ೩,೭೫,೦೦೦ ದಿರ್ಹಮುಗಳನ್ನು ಮೀರಿದ ಲಾಭಕ್ಕೆ ಶೇಕಡಾ ೯ರ ಕರವೂ ಬಂದಿವೆ. ಕೊಲ್ಲಿಯಲ್ಲಿ ಕರವೇ ಇಲ್ಲವೆಂಬ ಮಾತು ಈಗ ಹಳೆಯದಾಯಿತು.

೮. ಪ್ರತಿಭೂವಾಗುವ ಪ್ರತಿಭೂಮುಕ್ತನು

ಇಷ್ಟನ್ನೆಲ್ಲ ಪೂರೈಸಿದವನಿಗೆ ಸಂಸ್ಥೆಯ ಆಧಾರದ ಮೇಲೆ ತನಗೆ ವಾಸದ ಅನುಮತಿ ದೊರೆಯುವುದು. ತನ್ನ ಕೆಲಸಗಾರರನ್ನು ಕರೆಯಿಸಿಕೊಳ್ಳುವ ಅಧಿಕಾರವೂ ಬರುವುದು. ಇಲ್ಲಿ ಒಂದು ವಿಚಿತ್ರವಿದೆ. ನಿನ್ನೆಯವರೆಗೆ ಕಫೀಲನ ಆಶ್ರಯದಲ್ಲಿದ್ದವನು ಇಂದು ತಾನೇ ಇತರರಿಗೆ ಕಫೀಲನಾಗುವನು. ಅವನ ಕೆಲಸಗಾರರ ವಾಸಾನುಮತಿಯು ಅವನ ಸಂಸ್ಥೆಗೆ ಕಟ್ಟುಬಿದ್ದಿರುವುದು. ತಾನು ಅನುಭವಿಸಿದ ಸಂಕಟಗಳನ್ನು ಅವನು ಮರೆಯಲಾಗದು. ಮರೆತರೆ ಶಾಸನವು ನೆನಪು ಮಾಡಿಕೊಡುವುದು. ೨೦೨೧ರ ೩೩ನೆಯ ಶ್ರಮಶಾಸನದಂತೆ ಕೆಲಸಗಾರನ ಪಾಸ್‌ಪೋರ್ಟು ಮೊದಲಾದ ಪತ್ರಗಳನ್ನು ಯಜಮಾನನು ತಡೆದಿಟ್ಟುಕೊಳ್ಳಕೂಡದು. ಕರೆಯಿಸಿಕೊಂಡ ಖರ್ಚನ್ನು ಅವನಿಂದ ವಸೂಲುಮಾಡಕೂಡದು. ಸಂಬಳವನ್ನು ೨೦೦೯ರಲ್ಲಿ ಏರ್ಪಟ್ಟ ವೇತನರಕ್ಷಣೆಯ ವ್ಯವಸ್ಥೆಯ ಮೂಲಕವೇ ಸಲ್ಲಿಸಬೇಕು. ದರ್ಶನಪ್ರತಿಭೂವಿಗೆ ಪ್ರತಿಭಾವ್ಯವು ಹೊಣೆಯೇ ಹೊರತು ಒಡೆತನವಲ್ಲವೆಂಬ ಸ್ಮೃತಿಕಾರರ ಆಶಯವು ಇಲ್ಲಿಯೂ ಸಲ್ಲತಕ್ಕದ್ದು. ಹೊಣೆಯನ್ನು ಒಡೆತನವೆಂದು ಭ್ರಮಿಸಿದುದರಿಂದಲೇ ಕಫಾಲಾ ಎಂಬ ಒಳ್ಳೆಯ ಶಬ್ದಕ್ಕೆ ಲೋಕದಲ್ಲಿ ಅಪಕೀರ್ತಿ ಬಂದಿತು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ಅನುಜ್ಞಾವ್ಯವಹಾರದ ಪ್ರತಿಯೊಂದು ಹಂತದಲ್ಲಿಯೂ ಒಂದು ಶಬ್ದದ ಅರ್ಥದ ಮೇಲೆ ಮನುಷ್ಯನ ಜೀವನೋಪಾಯವು ನಿಂತಿರುವುದು. ರುಖ್ಸಾ ಹಕ್ಕಲ್ಲ, ಸಡಿಲಿಕೆ. ಮುವಾಫಖಾ ಅನುಜ್ಞೆಯಲ್ಲ, ಸಮ್ಮತಿ. ಮುಅಸ್ಸಸಾ ಶರಿಕಾ ಅಲ್ಲ. ಅಲ್ಲಿಯ ವಕೀಲನು ಇಲ್ಲಿಯ ವಕೀಲನಲ್ಲ. ಪರಿಚಿತವೆಂದು ತೋರುವ ಶಬ್ದವೇ ಹೆಚ್ಚು ಅಪಾಯಕರವಾದುದು. ಏಕೆಂದರೆ ಅಪರಿಚಿತ ಶಬ್ದದ ಮುಂದೆ ಮನುಷ್ಯನು ನಿಂತು ಕೇಳುವನು, ಪರಿಚಿತವಾದುದರ ಮುಂದೆ ಕೇಳದೆ ರುಜು ಹಾಕುವನು. ದ್ವಿಭಾಷಾಪತ್ರಗಳಲ್ಲಿ ಎರಡು ಪಾಠಗಳು ಭೇದಿಸಿದರೆ ಮುಖ್ಯಭೂಭಾಗದಲ್ಲಿ ಅರಬ್ಬೀ ಪಾಠವೇ ಪ್ರಮಾಣವೆಂಬುದನ್ನೂ ಮರೆಯಲಾಗದು.

ಕನ್ನಡದಲ್ಲಿ ಅರ್ಜಿ, ಕರಾರು, ಷರತ್ತು, ದಾಖಲೆ, ಸನ್ನದು, ಮಹಜರು ಎಂಬ ಅರಬ್ಬೀ ಶಬ್ದಗಳು ನೆಲೆಗೊಂಡು ಶತಮಾನಗಳಾದುವು. ನಿಘಂಟುಕಾರರು ಅವುಗಳಿಗೆ ‘ಅನ್ಯದೇಶ್ಯ’ವೆಂಬ ಗುರುತನ್ನಿಟ್ಟು ಸುಮ್ಮನಾಗಿರುವರು. ಮೂಲಭಾಷೆಯಲ್ಲಿ ಅವುಗಳಿಗೆ ಇಂದಿರುವ ಅರ್ಥವನ್ನೂ ನಮ್ಮಲ್ಲಿರುವ ಅರ್ಥವನ್ನೂ ಎದುರುಬದುರಾಗಿಟ್ಟು ಒಂದು ಚಿಕ್ಕ ಕೋಶವನ್ನು ಸಿದ್ಧಪಡಿಸಿದರೆ, ಭಾಷಾಚರಿತ್ರೆಗೂ ಉಪಕಾರವಾಗುವುದು, ಕಡಲಾಚೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೂ ರಕ್ಷೆಯಾಗುವುದು. ಕರಾವಳಿಯ ಕಾಲೇಜುಗಳ ಅಧ್ಯಾಪಕರು, ಅರಬ್ಬೀ ಬಲ್ಲ ವಿದ್ವಾಂಸರನ್ನು ಕೂಡಿಕೊಂಡು, ಈ ಕಾರ್ಯವನ್ನು ಕೈಗೊಳ್ಳಲೆಂದು ಪ್ರಾರ್ಥಿಸುತ್ತೇನೆ. ಇದೂ ಒಂದು ಸಂಭೂಯಸಮುತ್ಥಾನವೇ. ಇದಕ್ಕೆ ಯಾರ ಅನುಜ್ಞೆಯೂ ಬೇಕಾಗಿಲ್ಲ.